ಸಹಾಯ ಬೇಕು: ಪುಣೆಯ ದಾವೆಗೆ ಜರ್ಮನಿಯಲ್ಲಿರುವ ಸಾಕ್ಷಿಯ ಹೇಳಿಕೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಉಯಿಲಿನ ದಾವೆ ಪುಣೆಯ ಸಿವಿಲ್ ನ್ಯಾಯಾಲಯದಲ್ಲಿದೆ. ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದಾರೆ; ಉಳಿದವರು ತಂದೆಯವರ ಹಳೆಯ ಸ್ನೇಹಿತರು, ಫ್ರಾಂಕ್‌ಫರ್ಟ್‌ನಲ್ಲಿದ್ದಾರೆ, 81 ವರ್ಷದ ಅವರು ಪ್ರಯಾಣ ಮಾಡಲಾರರು. ಬದುಕಿರುವ ಸಾಕ್ಷಿಯನ್ನು ವಿಚಾರಿಸದೆ ಸಾಮಾನ್ಯವಾಗಿ ಉಯಿಲು ರುಜುವಾತಾಗದು, ಹಾಗಾಗಿ ಅವರ ಮಾತೇ ನಮಗಿರುವ ಆಧಾರ.

ವಿಡಿಯೊ ಮೂಲಕ ವಿಚಾರಣೆಗೆ ಅವಕಾಶವಿದೆಯೆಂದ ಸುಪ್ರೀಂ ಕೋರ್ಟಿನ 2003ರ ಪ್ರಫುಲ್ ದೇಸಾಯಿ ತೀರ್ಪನ್ನು ಮುಂದಿಟ್ಟೆವು. ಆದರೆ ಎದುರು ಪಕ್ಷದವರು, ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 5ನೇ ನಿಯಮದಂತೆ ಕೋರಿಕೆ ಪತ್ರವೇ (ಸಾಕ್ಷಿಯ ಹೇಳಿಕೆ ಪಡೆದು ಕಳುಹಿಸಿ ಎಂದು ನಮ್ಮ ನ್ಯಾಯಾಲಯ ವಿದೇಶಕ್ಕೆ ಬರೆಯುವ ಪತ್ರ) ಹೋಗಬೇಕೆಂದು ಪಟ್ಟು ಹಿಡಿದಿದ್ದಾರೆ. ಭಾರತ, ಜರ್ಮನಿ ಎರಡೂ ಇಂಥ ಪತ್ರಗಳ ಮೂಲಕ ಬೇರೆ ದೇಶದಿಂದ ಸಾಕ್ಷ್ಯ ಪಡೆಯಲು ಇರುವ 1970ರ ಹೇಗ್ ಸಾಕ್ಷ್ಯ ಒಪ್ಪಂದದಲ್ಲಿರುವುದು ನಿಜ, ಆದರೂ ಆ ದಾರಿ ತಿಂಗಳುಗಟ್ಟಲೆ ಹಿಡಿದರೆ ಆ ಹಿರಿಯರ ಆರೋಗ್ಯ ತಡೆದೀತೇ ಎಂಬ ಭಯ ನಮಗಿದೆ.

ಸಾಕ್ಷಿ ತಾವಾಗಿಯೇ ಒಪ್ಪಿದ್ದರೂ, ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ಕುಳಿತು ವಿಡಿಯೊ ಹೇಳಿಕೆ ಕೊಡಲು ಜರ್ಮನಿಯ ಅನುಮತಿ ಬೇಕೆ? ಅನುಭವವಿರುವವರು ಮೊದಲು ಯಾವ ಅರ್ಜಿ ಹಾಕಿದಿರಿ?