ಪದಚರ್ಚೆ: ಲಿವರ್ ರೋಗಿಗಳ ಕರಪತ್ರಕ್ಕೆ ‘ಲಯ’ ಬೇಡ

> ಲಿವರ್ ಕಾಯಿಲೆ ಇರುವವರಿಗೆ ಕೊಡುವ ಕರಪತ್ರ. ನಾಳೆ ಬೆಳಿಗ್ಗೆ ಚಾಮರಾಜಪೇಟೆಯ ಪ್ರೆಸ್ಸಿಗೆ ಹೋಗಬೇಕು. ‘ಹೃದಯದ ಲಯದಲ್ಲಿ ವ್ಯತ್ಯಯ’ ಅಂತ ಹಾಕಬಹುದಾ? ಇಸಿಜಿಯಲ್ಲಿ ಕ್ಯೂಟಿ (ಗೆರೆಯ ಮೇಲೆ ಅಳೆಯುವ ಒಂದು ಹೊತ್ತು) ಉದ್ದವಾಗುವುದಕ್ಕೆ ಏನನ್ನಬೇಕು?

ಹಾಕಬೇಡಿ. ‘ಲಯ’ ಸಂಗೀತದವರಿಗೆ ಸರಿ. ಅದು ಸಂಸ್ಕೃತದ ‘ಲೀ’ ಧಾತುವಿನದು. ಅಂಟಿಕೊಳ್ಳು, ಕರಗಿ ಒಂದಾಗು ಅಂತ ಅರ್ಥ. ಸೃಷ್ಟಿ, ಸ್ಥಿತಿ, ಲಯ ಅನ್ನುವಾಗಿನ ಲಯವೂ ಅದೇ, ಪ್ರಳಯದ ಲಯವೂ ಅದೇ. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಮಲಗಿರುವವರ ಕೈಗೆ ‘ಹೃದಯದ ಲಯ’ ಎಂದು ಅಚ್ಚಾದ ಹಾಳೆ ಕೊಡುತ್ತೀರಾ?

ಈ ಚರ್ಚೆಯಲ್ಲಿ ಅದರ ಬದಲು ‘ಮಿಡಿತ’ ಹಾಕಿ ಎಂದವರ ಮಾತನ್ನೂ ನಾನು ಒಪ್ಪುವುದಿಲ್ಲ. ಮಿಡಿಯುವುದು ತಂತಿ, ನಾಡಿ. ಹೃದಯ ಮಿಡಿಯಿತು ಅಂದರೆ ಮರುಗಿತು ಅಂತ. ಎದೆ ಬಡಿಯುತ್ತದೆ. ‘ಬಡಿತ’ ಸಾಕು.

ಆದರೆ ಇಲ್ಲಿ ಎರಡು ಬೇರೆ ಸಂಗತಿಗಳನ್ನು ಕಲಸಿಬಿಟ್ಟಿದ್ದೀರಿ. ಹೃದಯದ ಮೇಲ್ಗೋಣೆಗಳು ಅದುರಿ ಬಡಿತ ಅಡ್ಡಾದಿಡ್ಡಿಯಾಗುವುದು ಒಂದು. ಅದಕ್ಕೆ ‘ಬಡಿತದ ಏರುಪೇರು’ ಸರಿ. ಕ್ಯೂಟಿ ಹಾಗಲ್ಲ. ಅಲ್ಲಿ ಬಡಿತ ನೆಟ್ಟಗೇ ಇರುತ್ತದೆ. ಕೆಳಗೋಣೆಗಳಲ್ಲಿ ವಿದ್ಯುತ್ ಹರಿದು, ಮತ್ತೆ ಅವು ಮುಂದಿನ ಬಡಿತಕ್ಕೆ ತಯಾರಾಗುವವರೆಗಿನ ಹೊತ್ತು ಅದು. ಬಡಿತದ ವೇಗಕ್ಕೆ ಸರಿದೂಗಿಸಿದ ಮೇಲೆ ಗಂಡಸರಲ್ಲಿ 450, ಹೆಂಗಸರಲ್ಲಿ 460 ಮಿಲಿಸೆಕೆಂಡ್ ದಾಟಿದರೆ ಜಾಸ್ತಿ ಅಂತ ಲೆಕ್ಕ. 500 ದಾಟಿದರೆ ಅಪಾಯ.

ಸಿರೋಸಿಸ್ ಆದವರಲ್ಲಿ, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾದವರಲ್ಲಿ, ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಕ್ಯೂಟಿ ಹೀಗೆ ಉದ್ದವಾಗಿರುವುದು ಕಾಣುತ್ತದೆ. ಅವರಿಗೆ ಏನೂ ಗೊತ್ತಾಗುವುದಿಲ್ಲ. ‘ಏರುಪೇರು’ ಅಂತ ಬರೆದರೆ, ‘ನನ್ನೆದೆ ಸರಿಯಾಗೇ ಬಡೀತಿದೆಯಲ್ಲ’ ಅಂತ ಹಾಳೆ ಮಡಚಿಡುತ್ತಾರೆ. ನೀರು ಇಳಿಸುವ ಮಾತ್ರೆಯಿಂದ ಕೆಲವರಿಗೆ ಆಗಲೇ ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾಗಿರುತ್ತದೆ. ಕೆಮ್ಮು ಅಂತ ಮೆಡಿಕಲ್ ಶಾಪಿನಲ್ಲಿ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಕೇಳಿ ತರುತ್ತಾರೆ. ವಾಂತಿಗೆ ಒಂಡಾನ್ಸೆಟ್ರಾನ್ ಅಥವಾ ಡೊಂಪೆರಿಡೋನ್. ಇವೆಲ್ಲ ಆ ಹೊತ್ತನ್ನು ಇನ್ನಷ್ಟು ಎಳೆಯುವಂಥವು. ತುಂಬ ಎಳೆದರೆ ಬಡಿತ ಒಮ್ಮೆಲೇ ಕೆಟ್ಟು ಮನುಷ್ಯ ಕುಸಿಯಬಹುದು. ಹಾಗೆ ಕೆಟ್ಟಾಗಿನ ಇಸಿಜಿ ಗೆರೆಗೆ 1966ರಲ್ಲಿ ಫ್ರೆಂಚ್ ವೈದ್ಯ ದೆಸೆರ್ತೆನ್ ‘ತುದಿಗಳ ತಿರುಚು’ ಅಂತ ತಮ್ಮ ಭಾಷೆಯಲ್ಲಿ ಹೆಸರಿಟ್ಟರು. ಕಂಡದ್ದನ್ನು ಕಂಡ ಹಾಗೆ ಹೇಳಿದರು. ನಾವೂ ಹಾಗೇ ಮಾಡೋಣ.

‘ಕ್ಯೂಟಿ ಅಂತರ’ ಬೇಡ. ಎರಡು ಬಡಿತಗಳ ನಡುವಿನ ಅಂತರ ಅಂತಲೇ ಓದಿಕೊಳ್ಳುತ್ತಾರೆ. ‘ಹೃದಯ ಸುಧಾರಿಸಿಕೊಳ್ಳುವ ಹೊತ್ತು ಜಾಸ್ತಿಯಾಗುವುದು’ ಅಂತ ಬರೆಯಿರಿ, ಪಕ್ಕದಲ್ಲಿ ಕ್ಯೂಟಿ ಅಂತ ಹಾಕಿ. ಮೆಟ್ಟಿಲು ಹತ್ತಿ ಬಂದವರಿಗೆ ‘ಸ್ವಲ್ಪ ಸುಧಾರಿಸಿಕೊಳ್ಳಿ’ ಅಂತೀವಲ್ವಾ, ಅದೇ ಅರ್ಥ.

ಇನ್ನು ‘ಲಿವರ್’ ಅನ್ನುವ ಪದದ ಜಗಳ. ‘ಲಿವರ್ ಎರವಲು, ಯಕೃತ್ತು ಬಳಸಿ’ ಅಂದವರೇ, ಯಕೃತ್ತು ಎಲ್ಲಿಂದ ಬಂತು? ಪಿತ್ತಜನಕಾಂಗವೂ ಎರವಲಿನಿಂದ ಕಟ್ಟಿದ್ದೇ. ಅದು ಸ್ಕೂಲ್ ಪುಸ್ತಕ ದಾಟಿ ಬರಲಿಲ್ಲ. ಸಂಸ್ಕೃತದ ಎರವಲು ಮಡಿ, ಇಂಗ್ಲಿಷಿನದು ಮೈಲಿಗೆ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಲಿವರ್‌ಗೆ ಕನ್ನಡದ್ದೇ ಆದ ‘ಈಲಿ’ ನನಗೂ ಇಷ್ಟ, ತಮಿಳಿನ ಈರಲ್‌ಗೆ ನಂಟು. ಅದನ್ನು ಕಥೆಯಲ್ಲಿ, ಲೇಖನದಲ್ಲಿ ಬಳಸಿ ಬೆಳೆಸೋಣ. ಕರಪತ್ರ ಓದುವವರನ್ನು ಸುಮ್ನೆ ಅದಕ್ಕೆ ಎಳೆಯಬಾರದು. ಬೆಂಗಳೂರಿನ ಯಾವ ಓಪಿಡಿ ಸಾಲಿನಲ್ಲಿ ನಿಂತರೂ ‘ನಮ್ಮಪ್ಪಂಗೆ ಲಿವರ್ ಪ್ರಾಬ್ಲಂ’ ಅಂತಲೇ ಕೇಳಿಸುತ್ತದೆ.

ದಪ್ಪ ಅಕ್ಷರದಲ್ಲಿ ಇದಿರಲಿ: ‘ಹೊಸ ಮಾತ್ರೆ ಯಾವುದೇ ಇರಲಿ, ಮೊದಲು ನಿಮ್ಮ ಲಿವರ್ ಡಾಕ್ಟರಿಗೆ ತಿಳಿಸಿ. ಇಸಿಜಿ ಬೇಕಾ ಕೇಳಿ. ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ತಲೆಸುತ್ತಿ ಬಿದ್ದರೆ ತಕ್ಷಣ ಆಸ್ಪತ್ರೆಗೆ ಬನ್ನಿ.’

ಪ್ರೂಫ್ ಕಳಿಸಿ, ರಾತ್ರಿಯೇ ನೋಡಿಕೊಡುತ್ತೇನೆ.