ಥಾಯ್ ಮದುವೆಯ ಸಿನ್‌ಸೋತ್, ನಮ್ಮ ಅಳಿಯಸಂತಾನ: ಎರಡೂ ಒಂದೆಯಾ?

ಪ್ರಶ್ನೆ: ಮಂಜೇಶ್ವರದವ
ವಾಚನಾಲಯದ ಚರ್ಚೆಗೆ ಟಿಪ್ಪಣಿ ಮಾಡ್ತಾ ಇದ್ದೇನೆ. ಥಾಯ್ಲೆಂಡಿನಲ್ಲಿ ಗಂಡನೇ ಹೆಂಡತಿ ಮನೆಗೆ ಹೋಗಿ ಇರುವುದಂತೆ, ಹೆಣ್ಣಿನ ಹೆತ್ತವರಿಗೆ ‘ಸಿನ್‌ಸೋತ್’ ಎಂಬ ಹಣ ಕೊಡುವುದೂ ಅವನೇ ಅಂತೆ. ಹಾಗಾದರೆ ಅದೂ ಅಳಿಯಸಂತಾನವೇ ಅಲ್ವಾ? ಒಬ್ಬರು ‘ಹೆಣ್ಣು ಮಾರುವ ಪದ್ಧತಿ’ ಅಂತಾರೆ, ಇನ್ನೊಬ್ಬರು ‘ಅಲ್ಲಿ ಹೆಂಗಸರದ್ದೇ ರಾಜ್ಯ’ ಅಂತಾರೆ. ಎಂತ ಬರೆಯುವುದು?

ಬದಿಯಡ್ಕ ಕಡೆಯವರು
ಎರಡನ್ನೂ ಬರೆಯಬೇಡಿ. ಯಾರ ಮನೆಯಲ್ಲಿ ವಾಸ, ಆಸ್ತಿ ಯಾರಿಗೆ, ಯಜಮಾನಿಕೆ ಯಾರದ್ದು ಎಂಬ ಮೂರನ್ನು ಬೇರೆ ಬೇರೆಯಾಗಿ ಕೇಳಿ. ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು, ಆಡಳಿತ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿ. ಬಂಟರಲ್ಲಿ ಹೆಂಡತಿ ಗಂಡನ ಮನೆಗೆ ಹೋದರೂ ತಾಯಿಮನೆಯ ಹಕ್ಕು ಬಿಡುತ್ತಿರಲಿಲ್ಲ. ಕೇರಳದಲ್ಲಿ ಅದು 1976ರ ಡಿಸೆಂಬರ್ 1ರಿಂದ ಕಾನೂನಿನ ಲೆಕ್ಕದಲ್ಲಿ ಮುಗಿಯಿತು.

ಥಾಯ್ ಜನರಲ್ಲಿ ತಾಯಿ ಕಡೆ, ತಂದೆ ಕಡೆ ಎರಡೂ ಸಂಬಂಧವೇ; ಜಮೀನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ. ಆದರೆ ಈಶಾನ್ಯದ ಇಸಾನ್ ಮತ್ತು ಉತ್ತರದ ಚಿಯಾಂಗ್‌ಮಾಯ್ ಕಡೆಯ ಹಳ್ಳಿಗಳಲ್ಲಿ ಅಳಿಯ ಹೆಂಡತಿಯ ಮನೆಗೆ ಬರುವ ವಾಡಿಕೆ. ಕಿರಿಮಗಳಿಗೆ ತಾಯ್ತಂದೆಯ ಮನೆ, ಅದರ ಜೊತೆಗೆ ಅವರ ಮುದಿತನದ ಹೊರೆ. ‘ಮನೆಯಳಿಯ’ ಅಂದರೆ ನಮ್ಮಲ್ಲಿ ಇರುವ ಕುಹಕ ಅಲ್ಲಿಲ್ಲ. ಚೀನೀ ಮೂಲದ ಕುಟುಂಬಗಳಲ್ಲಿ ಇದು ತಿರುಗುಮುರುಗು, ಸೊಸೆಯೇ ಗಂಡನ ಮನೆಗೆ. ಇನ್ನು ‘ಹೆಂಗಸರ ರಾಜ್ಯ’: ಪರ್ಸ್ ಹೆಂಡತಿಯ ಕೈಯಲ್ಲಿ ಇರುವುದು ನಿಜ, ಆದರೆ ಹೆಂಗಸು ಊರಿನ ಮುಖ್ಯಸ್ಥೆಯಾಗಲು ಕಾನೂನು ಬಿಟ್ಟದ್ದೇ 1982ರಲ್ಲಿ. ಗಂಡ ಆನೆಯ ಮುಂಗಾಲು, ಹೆಂಡತಿ ಹಿಂಗಾಲು ಅಂತ ಅವರದೇ ಗಾದೆ ಉಂಟು ಮಾರಾಯ್ರೆ.

ಕುಂಬಳೆಯವರು
ಮೇಲಿನದಕ್ಕೆ ಒಂದು ಸೇರಿಸಬೇಕು, ಮಗಳ ಮೇಲೆ ಹೊರೆ ಯಾಕೆ ಅಂತ. ಹೆತ್ತವರ ಋಣಕ್ಕೆ ಅಲ್ಲಿ ‘ಬುನ್‌ಖುನ್’ ಅನ್ನುತ್ತಾರೆ. ಮಗ ಮಳೆಗಾಲದ ಮೂರು ತಿಂಗಳು ಭಿಕ್ಷುವಾದರೆ ಪುಣ್ಯ ತಾಯಿಗೆ ಹೋಗುತ್ತದೆ, ಋಣ ತೀರಿದ ಹಾಗೆ. ಭಿಕ್ಷುವಾಗಿ ಬಂದವ ‘ಹಣ್ಣಾದವ’, ಆಗದವ ‘ಹಸಿ’. ಮಗಳಿಗೆ ಆ ದಾರಿಯೇ ಇಲ್ಲ: ಹೆಂಗಸರಿಗೆ ದೀಕ್ಷೆ ಕೊಡಬಾರದು ಅಂತ 1928ರಲ್ಲಿ ಸಂಘದ ಆಜ್ಞೆಯಾಯಿತು. ಬಿಳಿ ಬಟ್ಟೆಯ ‘ಮೇಚೀ’ ಆಗಬಹುದು, ಎಂಟು ಶೀಲ ಪಾಲಿಸಬಹುದು, ಅಷ್ಟೇ. ಥಾಯ್ ಭಿಕ್ಷುಣಿ ಧಮ್ಮನಂದಾ ಅವರು 2003ರಲ್ಲಿ ಪೂರ್ಣ ದೀಕ್ಷೆ ಪಡೆಯಲು ಶ್ರೀಲಂಕಾಕ್ಕೆ ಹೋಗಬೇಕಾಯಿತು. ಹಾಗಾಗಿ ಮಗಳು ಋಣ ತೀರಿಸುವುದು ದುಡಿದು, ಹಣ ಕಳಿಸಿ, ಆರೈಕೆ ಮಾಡಿ.

ಉಪ್ಪಳದವರು
ಹಣದ ವಿಷಯ ಹೇಳ್ತೇನೆ. ಗಂಡಿನ ಕಡೆಯ ದಿಬ್ಬಣಕ್ಕೆ ‘ಖಾನ್‌ಮಾಕ್’ ಎಂದು ಹೆಸರು. ‘ಮಾಕ್’ ಅಂದರೆ ಅಡಿಕೆ! ವೀಳ್ಯದೆಲೆ, ಅಡಿಕೆಯ ಬಟ್ಟಲು ಹಿಡಿದೇ ಬರುತ್ತಾರೆ. ದಾರಿಗೆ ಚಿನ್ನದ ಸರ ಅಡ್ಡ ಹಿಡಿದು ಹೆಣ್ಣಿನ ಕಡೆಯವರು ಲಕೋಟೆ ವಸೂಲಿ ಮಾಡುತ್ತಾರೆ. ಆಮೇಲೆ ಹಣ, ಚಿನ್ನವನ್ನು ಬಟ್ಟೆಯ ಮೇಲೆ ಹರಡಿ ಎಲ್ಲರೆದುರು ಎಣಿಕೆ, ಮೇಲೆ ಅಕ್ಕಿ, ಎಳ್ಳು, ಹೂ. ತಾಯಿ ಗಂಟು ಕಟ್ಟಿ ಹೆಗಲಿಗೇರಿಸಿ ‘ಅಬ್ಬ, ಎಂಥ ಭಾರ’ ಅನ್ನುವಂತೆ ನಟಿಸುತ್ತಾಳೆ.

ಇದು ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುತ್ತಿದ್ದ ನಮ್ಮ ಹಳೆಯ ‘ತೆರ’ದ ಹತ್ತಿರದ್ದು, ವರದಕ್ಷಿಣೆಯ ತಲೆಕೆಳಗು. ಮದುವೆ ಮುಗಿದ ಮೇಲೆ ಪೂರ್ತಿಯೋ ಒಂದಷ್ಟೋ ದಂಪತಿಗೇ ಹಿಂದಿರುಗಿಸುವ ಮನೆಗಳೂ ಬೇಕಾದಷ್ಟು. ಲೆಕ್ಕ ಬರೆಯುವಾಗ ಜಾಗ್ರತೆ: ಚಿನ್ನದಲ್ಲಿ ‘ಒಂದು ಬಾತ್’ ಅಂದರೆ ಅವರ ಹಣದ ಬಾತ್ ಅಲ್ಲ, ತೂಕ. ಆಭರಣಕ್ಕೆ 15.16 ಗ್ರಾಂ, ನಮ್ಮ ಎರಡು ಪವನಿಗಿಂತ ತುಸು ಕಡಿಮೆ.

ಮಂಜೇಶ್ವರದವ
ಹಣ ಕೊಟ್ಟ ಮೇಲೆ ಮದುವೆ ಮುರಿದರೆ?

ಉಪ್ಪಳದವರು
ಥಾಯ್ ಸಿವಿಲ್ ಸಂಹಿತೆಯ 1437ನೇ ಕಲಮು ನೋಡಿ. ನಿಶ್ಚಿತಾರ್ಥದ ಒಡವೆ ‘ಖೋಂಗ್‌ಮನ್’ ಹುಡುಗಿಯದು. ಸಿನ್‌ಸೋತ್ ಅವಳ ಹೆತ್ತವರದ್ದು. ಹುಡುಗಿಯ ಕಡೆಯ ಗಂಭೀರ ಕಾರಣದಿಂದ ಮದುವೆ ನಿಂತರೆ ಸಿನ್‌ಸೋತ್ ವಾಪಸ್ ಕೇಳಬಹುದು. ಜನ ಎಡವುವುದು ಇಲ್ಲೇ: ಮದುವೆಯ ಶಾಸ್ತ್ರದಲ್ಲಿ ವಧೂವರರ ಕೈಗೆ ಶಂಖದ ನೀರು ಎರೆದದ್ದರಿಂದ ಕಾನೂನಿಗೆ ಮದುವೆಯಾಗುವುದಿಲ್ಲ, ಜಿಲ್ಲಾ ಕಚೇರಿಯಲ್ಲಿ ನೋಂದಣಿ ಆಗಬೇಕು. ಹಳೆಯ ಅನುವಾದದಿಂದ ನಕಲು ಮಾಡಬೇಡಿ. 2025ರ ಜನವರಿ 23ರಂದು ಸಲಿಂಗಿಗಳಿಗೂ ಮದುವೆಯ ಹಕ್ಕು ಕೊಡುವ ಸಮಾನ ವಿವಾಹ ಕಾನೂನು ಜಾರಿಯಾದ ಮೇಲೆ ಗಂಡು, ಹೆಣ್ಣು ಎಂಬ ಪದಗಳು ಅಲ್ಲಿಂದ ಹೋಗಿವೆ.