ಮಗಳಿಗೆ ಡ್ವಾರ್ಫ್ ಹ್ಯಾಮ್‌ಸ್ಟರ್ ಬೇಕಂತೆ, ಸಾಕಿದವರು ಅನುಭವ ಹೇಳಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ. ನಾಯಿ, ಬೆಕ್ಕು ಸಾಕಲು ಓನರ್ ಒಪ್ಪುವುದಿಲ್ಲ. ಎಂಟು ವರ್ಷದ ಮಗಳು ಡ್ವಾರ್ಫ್ ಹ್ಯಾಮ್‌ಸ್ಟರ್ (ಇಲಿಯಂತಹ ಪುಟ್ಟ ಸಾಕುಪ್ರಾಣಿ) ಬೇಕೆಂದು ಹಟ ಹಿಡಿದಿದ್ದಾಳೆ. ಒಂಟಿಯಾದರೆ ಬೇಜಾರಾಗುತ್ತದೆ, ಜೋಡಿ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳಿದರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಯಾವ ಜಾತಿ ಒಳ್ಳೆಯದು? ಏನೇನು ಕಷ್ಟ ಬರುತ್ತದೆ?

ಮೈಸೂರಿನಿಂದ

ಜೋಡಿ ಬೇಡ. ಮೊದಲು ಇದನ್ನು ಹೇಳಿಬಿಡುತ್ತೇನೆ. ನಮಗೂ ‘ಎರಡೂ ಹೆಣ್ಣು’ ಎಂದೇ ಕೊಟ್ಟಿದ್ದರು. ಮೂರು ವಾರವಾಗುವಷ್ಟರಲ್ಲಿ ಗೂಡಿನಲ್ಲಿ ಹುಣಸೆ ಬೀಜದಷ್ಟು ಗಾತ್ರದ ಐದು ಮರಿಗಳು! ಮರಿ ಹಾಕಿದ ದಿನವೇ ತಾಯಿ ಮತ್ತೆ ಗಬ್ಬವಾಗಬಹುದು ಎಂದು ನಮಗೆ ಗೊತ್ತಿರಲಿಲ್ಲ. ಗಂಡನ್ನು ಬೇರೆ ಮಾಡಲು ತಡವಾಯಿತು, ಇನ್ನೊಂದು ಸೂಲೂ ಆಯಿತು. ಮರಿಗಳು ಬೆಳೆದ ಮೇಲೆ ಅಣ್ಣತಮ್ಮಂದಿರೇ ಕಚ್ಚಾಡಿ ಒಂದರ ಕಿವಿ ಹರಿಯಿತು. ಕೊನೆಗೆ ಮನೆಯಲ್ಲಿ ಆರು ಗೂಡು. ಒಂಟಿ ಹ್ಯಾಮ್‌ಸ್ಟರ್ ಬೇಜಾರಿನಿಂದ ಸಾಯುವುದಿಲ್ಲ. ಜಾಗ ಸಾಲದಿದ್ದರೆ ಮಾತ್ರ ಅದಕ್ಕೆ ತುಂಬ ಹಿಂಸೆಯಾಗುತ್ತದೆ.

ಜಾತಿಯ ವಿಷಯಕ್ಕೆ ಬಂದರೆ, ಬೆನ್ನಿನ ಮೇಲೆ ಕಪ್ಪು ಗೆರೆಯಿದ್ದರೆ ಕ್ಯಾಂಪ್‌ಬೆಲ್ ಅಥವಾ ವಿಂಟರ್ ವೈಟ್. ಎಷ್ಟೋ ಸಲ ಎರಡರ ಬೆರಕೆಯೂ ಇರುತ್ತದೆ. ಗೆರೆಯಿಲ್ಲದೆ, ಕಣ್ಣಿನ ಮೇಲೆ ಬಿಳಿ ಹುಬ್ಬಿನಂತಹ ಮಚ್ಚೆಯಿದ್ದರೆ ರೋಬೊರೋವ್‌ಸ್ಕಿ. ಇದು ಎಲ್ಲಕ್ಕಿಂತ ಚಿಕ್ಕದು, ಬರೀ 20–25 ಗ್ರಾಂ. ಗೋಬಿ ಮರುಭೂಮಿಯ ಕಡೆಯ ಪ್ರಾಣಿ, ಓಡುವುದಕ್ಕೇ ಹುಟ್ಟಿದಂತಿರುತ್ತದೆ. ನೋಡಲು ಬಹಳ ಚೆಂದ, ಆದರೆ ಅಂಗೈಯಲ್ಲಿ ಒಂದು ಕ್ಷಣವೂ ನಿಲ್ಲುವುದಿಲ್ಲ. ನಮ್ಮ ವಿಂಟರ್ ವೈಟ್ ‘ಸಾಸಿವೆ’ಗೆ ಮಾತ್ರ ಕೈಯ ರೂಢಿಯಾಯಿತು. ಅದಕ್ಕೂ ಒಂದೂವರೆ ತಿಂಗಳು ಬೇಕಾಯಿತು. ದಿನಾ ರಾತ್ರಿ ಗೂಡಿನೊಳಗೆ ಸುಮ್ನೆ ಕೈಯಿಟ್ಟು ಕೂರುತ್ತಿದ್ದೆ, ಅಷ್ಟೆ.

ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ತಂತಿ ಪಂಜರಕ್ಕೆ ದುಡ್ಡು ಹಾಕಬೇಡಿ. ತಂತಿಗಳ ನಡುವೆ ಒಂದು ಸೆಂಟಿಮೀಟರ್ ಸಂದಿಯಿದ್ದರೂ ಡ್ವಾರ್ಫ್ ನುಸುಳಿ ಹೋಗುತ್ತದೆ. ನಾವು ಸೋರುತ್ತಿದ್ದ ಹಳೆಯ ಮೀನಿನ ತೊಟ್ಟಿ ತಂದೆವು. ಮೂರೂವರೆ ಅಡಿ ಉದ್ದ, ಮೇಲೆ ಸೊಳ್ಳೆ ಜಾಲರಿಯ ಮುಚ್ಚಳ. ತಳದಲ್ಲಿ ಒಂದು ಗೇಣು ಆಳಕ್ಕೆ ಕಾಗದದ ಚೂರು, ವಾಸನೆಯಿಲ್ಲದ ಟಿಶ್ಯೂ. ಅದು ಅದರಲ್ಲಿ ಸುರಂಗ ಕೊರೆಯುವುದನ್ನು ಗಾಜಿನಿಂದ ನೋಡುವುದೇ ನಮಗೆ ಟಿವಿ. ಮರ ಕೊಯ್ಯುವಲ್ಲಿ ಸಿಗುವ ಹೊಟ್ಟು ಹಾಕಬೇಡಿ, ಧೂಳು ಉಸಿರಾಟಕ್ಕೆ ಕೆಟ್ಟದ್ದು. ಹತ್ತಿಯೂ ಬೇಡ, ನೂಲು ಕಾಲಿಗೆ ಸುತ್ತಿಕೊಳ್ಳುತ್ತದೆ. ಓಡುವ ಚಕ್ರ ಎಂಟು ಇಂಚಿನದಿರಲಿ, ಕಂಬಿಯದ್ದಲ್ಲ, ಓಡುವ ಜಾಗ ಸಂದಿಯಿಲ್ಲದೆ ಪೂರ್ತಿ ಮುಚ್ಚಿದ್ದು. ಚಿಕ್ಕ ಚಕ್ರದಲ್ಲಿ ಬೆನ್ನು ಬಗ್ಗಿಸಿ ಓಡಬೇಕಾಗುತ್ತದೆ, ಪಾಪ.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ನವಣೆ, ಸಜ್ಜೆ, ಓಟ್ಸ್, ಒಂದೆರಡು ಕುಂಬಳ ಬೀಜ, ಸೌತೆಕಾಯಿಯ ಸಣ್ಣ ಚೂರು, ವಾರಕ್ಕೆರಡು ಸಲ ಬೇಯಿಸಿದ ಮೊಟ್ಟೆಯ ಬಿಳಿ. ಕಾಳೆಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚ ಸಾಕು. ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಹೋಗಿ ಮೂಲೆಯಲ್ಲಿ ಬಚ್ಚಿಡುತ್ತದೆ. ಆ ಬಚ್ಚಿಟ್ಟ ಕಾಳಿಗೆ ಇರುವೆ ಬರುತ್ತದೆ. ಇರುವೆ ಚಾಕ್, ಪುಡಿ ಹತ್ತಿರ ತರಲೇಬೇಡಿ. ಹಿಂದೆ ತಿಂಡಿ ಕಪಾಟಿನ ಕಾಲುಗಳಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ವಾ, ತೊಟ್ಟಿಯಿರುವ ಮೇಜಿಗೂ ನಾವು ಹಾಗೇ ಮಾಡಿದೆವು.

ಬಳ್ಳಾರಿಯಿಂದ

ಬಿಸಿಲಿನ ಬಗ್ಗೆ ಮೇಲೆ ಬರೆದಿಲ್ಲ, ನಾನು ಹೇಳುತ್ತೇನೆ. ನಮ್ಮಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಹ್ಯಾಮ್‌ಸ್ಟರ್‌ಗೆ ಹಿತವಾಗುವುದು 20–24ರ ಆಸುಪಾಸು. ನಮ್ಮ ಹಾಗೆ ಅದು ಬೆವರುವುದಿಲ್ಲ, ಹಾಗಾಗಿ ಫ್ಯಾನ್ ಹಾಕಿದರೆ ತಂಪಾಗುವುದಿಲ್ಲ. ನಮ್ಮ ಮೊದಲನೆಯದು ಒಂದು ಮಧ್ಯಾಹ್ನ ಕರೆಂಟ್ ಹೋದಾಗ, ಮನೆಯಲ್ಲಿ ಯಾರೂ ಇಲ್ಲದಾಗ ಸತ್ತುಹೋಯಿತು. ಆ ಸಂಕಟ ಯಾರಿಗೂ ಬೇಡ. ಈಗ ಮನೆಯಲ್ಲೇ ತಂಪಾದ ಕೋಣೆಯ ನೆಲದ ಮೇಲೆ ತೊಟ್ಟಿ. ಒಳಗೆ ಮಣ್ಣಿನ ಕುಡಿಕೆ ಅಡ್ಡ ಮಲಗಿಸಿದ್ದೇನೆ, ಪಕ್ಕದಲ್ಲಿ ಫ್ರಿಜ್‌ನಲ್ಲಿಟ್ಟು ತೆಗೆದ ಟೈಲ್ಸ್ ತುಂಡು. ಮಧ್ಯಾಹ್ನ ಅದು ಆ ಟೈಲ್ಸ್ ಮೇಲೆ ಹೊಟ್ಟೆ ಹಾಸಿ ಮಲಗಿರುತ್ತದೆ. ಸೆಕೆ ಎಂದು ನೀರಿನಲ್ಲಿ ಸ್ನಾನ ಮಾಡಿಸಬೇಡಿ. ಮರಳನ್ನು ಜರಡಿ ಹಿಡಿದು, ತೊಳೆದು, ಬಾಣಲೆಯಲ್ಲಿ ಹುರಿದು, ಆರಿಸಿ ತಟ್ಟೆಯಲ್ಲಿಡಿ. ಅದರಲ್ಲೇ ಹೊರಳಿ ಮೈ ಚೊಕ್ಕ ಮಾಡಿಕೊಳ್ಳುತ್ತದೆ. ಬೆಂಗಳೂರಿನ ಏಪ್ರಿಲ್ ಕೂಡ ಈಗ ಕಡಿಮೆಯೇನಲ್ಲ.

ಆಸ್ಟ್ರೇಲಿಯಾದಿಂದ

ಮುಂದೆ ಈ ಕಡೆ ಬರುವ ಯೋಚನೆಯಿದ್ದರೆ ನೆನಪಿರಲಿ, ಇಲ್ಲಿ ಹ್ಯಾಮ್‌ಸ್ಟರ್ ತರುವುದಕ್ಕೂ ಸಾಕುವುದಕ್ಕೂ ಅನುಮತಿಯಿಲ್ಲ. ನಾವು ನಮ್ಮದನ್ನು ಅಕ್ಕನ ಮನೆಯಲ್ಲಿ ಬಿಟ್ಟು ಬಂದೆವು.

ಬೆಂಗಳೂರಿನಿಂದ, ಒಬ್ಬ ಅಮ್ಮ

ನನ್ನ ಮಗನಿಗೂ ಆಗ ಎಂಟು ವರ್ಷ. ಅವನು ಒಂಬತ್ತಕ್ಕೆ ಮಲಗುತ್ತಿದ್ದ, ನಮ್ಮ ಹ್ಯಾಮ್‌ಸ್ಟರ್ ‘ಗುಂಡು’ ಏಳುತ್ತಿದ್ದದ್ದು ಒಂಬತ್ತೂವರೆಗೆ. ಹಗಲಲ್ಲಿ ಎಬ್ಬಿಸಲು ಹೋಗಿ ಎರಡು ಸಲ ಕಚ್ಚಿಸಿಕೊಂಡ. ಕೆಲಸ ಮುಗಿಸಿ ತಡವಾಗಿ ಬರುವ ನಮಗೇ ಅದರ ಹೊತ್ತು ಸರಿಹೊಂದಿತು. ಹಾಗಾಗಿ ಮಗಳಿಗೆಂದು ತರಬೇಡಿ ಅಕ್ಕಾ, ನಿಮಗೆ ಇಷ್ಟವಿದ್ದರೆ ತನ್ನಿ. ಕೈಯಲ್ಲಿ ಹಿಡಿದು ಆಡಲೇಬೇಕು ಎಂದರೆ ದೊಡ್ಡ ಸಿರಿಯನ್ ಹ್ಯಾಮ್‌ಸ್ಟರ್ ವಾಸಿ. ಡ್ವಾರ್ಫ್ ಆದರೆ ನೆಲದ ಮೇಲೆ ಕೂತೇ ಮುಟ್ಟಲಿ. ನಿಂತಿರುವಾಗ ಕೈಯಿಂದ ಬಿದ್ದರೆ ಉಳಿಯುವುದು ಕಷ್ಟ.

ಇನ್ನೊಂದು. ಕ್ಯಾಂಪ್‌ಬೆಲ್‌ಗೆ, ಬೆರಕೆಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ. ಗುಂಡುಗೆ ಪ್ರೀತಿಯಿಂದ ದ್ರಾಕ್ಷಿ, ಮಾವಿನ ಚೂರು ಕೊಡುತ್ತಿದ್ದೆವು. ಒಂದು ವಾರ ನೀರಿನ ಬಾಟಲಿ ಬೇಗ ಬೇಗ ಖಾಲಿಯಾಯಿತು, ಹಾಸು ಜಾಸ್ತಿ ಒದ್ದೆಯಾಗುತ್ತಿತ್ತು. ಹತ್ತಿರದ ಡಾಕ್ಟರ್ ನಾಯಿ, ಬೆಕ್ಕು ಮಾತ್ರ ನೋಡುತ್ತೇನೆ ಎಂದರು. ಚಿಕ್ಕ ಪ್ರಾಣಿಗಳ ಡಾಕ್ಟರ್ ಹುಡುಕಲು ನಾಲ್ಕು ದಿನ ಹೋಯಿತು. ನೀವು ತರುವ ಮೊದಲೇ ಹುಡುಕಿಟ್ಟುಕೊಳ್ಳಿ. ಗುಂಡು ಬದುಕಿದ್ದು ಒಂದು ವರ್ಷ ಹತ್ತು ತಿಂಗಳು. ಚೆನ್ನಾಗಿ ನೋಡಿಕೊಂಡರೂ ಇವುಗಳ ಆಯಸ್ಸು ಸುಮಾರು ಎರಡು ವರ್ಷ, ರೋಬೊರೋವ್‌ಸ್ಕಿಯಾದರೆ ಮೂರರವರೆಗೆ. ಇದನ್ನು ಮಗಳಿಗೆ ಈಗಲೇ ಹೇಳಿ. ನಾವು ಹೇಳಿರಲಿಲ್ಲ. ಮಗ ಒಂದು ವಾರ ಆ ಖಾಲಿ ಚಕ್ರವನ್ನು ತಿರುಗಿಸುತ್ತಾ ಕೂತಿದ್ದ.